ಸ್ಕೂಟಿ ಯಾಕ ಓಡವಲ್ದು?

(1/7)
ನಮ್ಮ ಕ್ಲಾಸಿನ ಗ್ರೂಪಿನಾಗ ವಾರಕ್ಕೊಮ್ಮೆಯಾದರೂ ಈ ಮೆಸೇಜ್ ಬರ್ತದ: "ಗಾಡಿ 40 ದಾಟವಲ್ದು, ಏನ್ ಮಾಡ್ಲಿ?" ಕೆಳಗ ಹತ್ತು ಉತ್ತರ. ಒಬ್ಬ ಪ್ಲಗ್ ಬದಲಿಸು ಅಂತಾನ, ಇನ್ನೊಬ್ಬ ಸೈಲೆನ್ಸರಿಗೆ ತೂತು ಹಾಕು ಅಂತಾನ, ಮತ್ತೊಬ್ಬ "ಮಾರಿಬಿಡು ದೋಸ್ತಾ" ಅಂತಾನ. ಆದರೆ ಗಾಡಿಯವನಿಗೆ ತಿರುಗಿ ಒಂದು ಪ್ರಶ್ನೆ ಕೇಳೋರು ಯಾರೂ ಇಲ್ಲ: ಪೂರಾ ಎಕ್ಸಲೇಟರ್ ಕೊಟ್ಟಾಗ ಎಂಜಿನ್ ಜೋರಾಗಿ ಕೂಗ್ತದೋ, ಇಲ್ಲಾ ಅದೂ ಸುಸ್ತಾಗಿರ್ತದೋ?

ಈ ಒಂದು ಪ್ರಶ್ನೆಯಿಂದ ನಮ್ಮ ಮನೆಯಲ್ಲಿ ಏಳು ಸಾವಿರ ರೂಪಾಯಿ ಉಳಿಯಿತು, ಒಂದು ಗಾಡಿಯೂ ಉಳಿಯಿತು. ಅದು ಹೆಂಗ ಅಂತ ಈ ಏಳು ಫೋಟೋದಾಗ ಹೇಳ್ತೀನಿ. ಸರಿಸ್ಕೋತ ಓದ್ರಿ.

(2/7)
ಫೋಟೋದಲ್ಲಿರೋದು ನಮ್ಮ ಅಕ್ಕನ ಗಾಡಿ. ಗೇರಿಲ್ಲದ್ದು, 100 ಸಿಸಿಗಿಂತ ಕಡಿಮೆ. ಅಕ್ಕ ಚಂದಾಪುರದಿಂದ ದಿನಾ ಒಂದು ಹಳ್ಳಿ ಶಾಲೆಗೆ ಹೋಗ್ತಾಳ, ಅತಿಥಿ ಶಿಕ್ಷಕಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಅದು ಖರೆ. ಆದರೆ ಆ ಹಳ್ಳಿಗೆ ಪ್ರಾರ್ಥನೆಗೆ ಮೊದಲು ಮುಟ್ಟಿಸೋ ಬಸ್ಸೇ ಇಲ್ಲ. ಗಾಡಿ ಹೋದ್ರ ನೌಕರಿನೂ ಹೋದಂಗ.

ಆರು ತಿಂಗಳಲ್ಲಿ ಗಾಡಿ 55ರಿಂದ 40ಕ್ಕೆ ಇಳಿಯಿತು. ಒಮ್ಮೆಲೆ ಅಲ್ಲ, ದಿನಕ್ಕೆ ಕೂದಲೆಳೆಯಷ್ಟು. "ಹಿಂದ ಕಲ್ಲಿನ ಲಾರಿ ಬಂದು ಹಾರ್ನ್ ಹೊಡದ್ರ ಕೈ ನಡುಗ್ತದ, ಬಾಜೂಕ ಸರಿಲಾಕ ರೋಡಿನ ಅಂಚು ಒಡದದ," ಅಂದಳು. ಒಂದು ಗ್ಯಾರೇಜಿನಲ್ಲಿ ತೋರಿಸಿದರೆ ಐದು ನಿಮಿಷ ಓಡಿಸಿ, "ಎಂಜಿನ್ ಹೋಗ್ಯಾದ, ಬೋರ್ ಮಾಡಿಸಬೇಕು, 8,500" ಅಂದರು. ಅಕ್ಕನ ಒಂದು ತಿಂಗಳ ಗೌರವಧನ ಹೆಚ್ಚೂಕಡಿಮೆ ಅಷ್ಟೇ. ಅಪ್ಪ ಗುಜರಿಗೆ ಹಾಕೋ ಮಾತು ತೆಗೆದರು. ನಾನು ಒಂದು ವಾರ ಟೈಮ್ ಕೇಳಿದೆ.

(3/7)
ಮೊದಲು ರೊಕ್ಕ ಬೇಡದ ಪರೀಕ್ಷೆಗಳು.

ಸ್ಪೀಡೋಮೀಟರನ್ನು ನಂಬಬೇಡ್ರಿ, ಅದು ಸಾಮಾನ್ಯವಾಗಿ ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸ್ತದ. ಮೊಬೈಲಿನ ಜಿಪಿಎಸ್ ಸ್ಪೀಡ್ ಆ್ಯಪ್ ಹಾಕಿ, ಹಿಂದೆ ಕೂತವರ ಕೈಗೆ ಕೊಡ್ರಿ. ಊರ ಹೊರಗೆ ತೊಗರಿ ಹೊಲಗಳ ನಡುವಿನ ನೇರ ರಸ್ತೆಯಲ್ಲಿ ಹೋಗುವಾಗೊಮ್ಮೆ, ಬರುವಾಗೊಮ್ಮೆ ನೋಡಿದೆವು. ಗಾಳಿ, ಇಳಿಜಾರು ಒಂದು ಕಡೆ ಸಹಾಯ ಮಾಡಿದರೆ ಇನ್ನೊಂದು ಕಡೆ ತಡೀತಾವ, ಅದಕ್ಕೇ ಎರಡೂ ಕಡೆ ಓಡಿಸಬೇಕು. ಹೋಗುವಾಗ 39, ಬರುವಾಗ 41. ಮೀಟರಿನಲ್ಲಿ ಮಾತ್ರ 46!

ಆಮೇಲೆ ಟೈರಿನ ಗಾಳಿ. ಕಂಪನಿ ಹೇಳಿದಷ್ಟು ತುಂಬಿಸಿದೆ. ಆಮೇಲೆ ಬ್ರೇಕ್. ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರ ಎತ್ತಿ ಕೈಯಿಂದ ತಿರುಗಿಸಿದರೆ ಹಗುರಾಗಿ ತಿರುಗಬೇಕು. ಇನ್ನೊಂದು ಉಪಾಯ: ಬ್ರೇಕ್ ಹಿಡಿಯದೆ ಎರಡು ಕಿಮೀ ಓಡಿಸಿ, ತಾನಾಗಿಯೇ ನಿಂತ ಮೇಲೆ ಡ್ರಮ್ಮಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಚುಂಯ್ ಅಂದರೆ ಬ್ರೇಕ್ ಒಳಗೇ ಹಿಡಿದದ ಅಂತ ಅರ್ಥ. ನಮ್ಮದರಲ್ಲಿ ಎರಡೂ ಚಕ್ರ ಸರಿ ಇದ್ದವು.

(4/7)
ಈಗ ಮೊದಲಿನ ಪ್ರಶ್ನೆ. ಎಂಜಿನ್ ಕೂಗ್ತದೋ ಇಲ್ಲೋ?

ಎಂಜಿನ್ನೇ ಏರಲ್ಲ, ದನಿ ಮಂದ ಅದ ಅಂದ್ರ ತೊಂದರೆ ಎಂಜಿನ್ ಕಡೆ: ಏರ್ ಫಿಲ್ಟರ್ ಕಟ್ಟಿರಬಹುದು, ಪೆಟ್ರೋಲ್ ಸರಿಯಾಗಿ ಬರ್ತಿಲ್ಲ, ಪ್ಲಗ್ ಕೆಟ್ಟದ, ಸೈಲೆನ್ಸರಿನಾಗ ಮಸಿ ತುಂಬ್ಯಾದ, ಇಲ್ಲಾ ಕಂಪ್ರೆಷನ್ ಬಿದ್ದದ. ಎಂಜಿನ್ ಗಂಟಲು ಹರಿಯೋ ಹಂಗ ಕೂಗ್ತದ, ಗಾಡಿ ಮಾತ್ರ ಮುಂದ ಹೋಗಲ್ಲ ಅಂದ್ರ ಶಕ್ತಿ ಹುಟ್ಟಲತ್ತದ, ಚಕ್ರಕ್ಕೆ ವೇಗವಾಗಿ ಮುಟ್ಟವಲ್ದು. ತೊಂದರೆ ಬೆಲ್ಟ್ ಕಡೆ.

ಅಕ್ಕನ ಗಾಡಿ 40ರಲ್ಲಿ ಕೂಗುತ್ತಿತ್ತು. ಕಿಕ್ ಗಟ್ಟಿಯಾಗಿತ್ತು, ನೀಲಿ ಹೊಗೆ ಇರಲಿಲ್ಲ, ಆಯಿಲ್ ಕಡಿಮೆ ಆಗುತ್ತಿರಲಿಲ್ಲ. ಬೋರ್ ಮಾಡಿಸೋಕೆ ಒಂದೂ ಕಾರಣ ಕಾಣಲಿಲ್ಲ.

ಆದರೂ ಏರ್ ಫಿಲ್ಟರ್ ತೆಗೆದು ನೋಡಿದೆ (ಫೋಟೋ ನೋಡ್ರಿ, ಅದು ಹಿಟ್ಟಿನ ಜರಡಿ ಅಲ್ಲ). ನಮ್ಮ ಕಡೆ ಧೂಳಿಗೇನು ಬರ? ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟಿನ ಸುಣ್ಣದಕಲ್ಲು, ಶಹಾಬಾದ್ ಕಡೆ ಹಾಸುಗಲ್ಲು, ರಾಶಿಯ ದಿನಗಳಲ್ಲಿ ತೊಗರಿ ಹೊಟ್ಟು. ಕಾಗದದ ಫಿಲ್ಟರ್ ತೊಳೆಯೋಕೆ ಬರಲ್ಲ, ಬದಲಿಸಬೇಕು. 190 ರೂಪಾಯಿ. ಬದಲಿಸಿ ಮತ್ತೆ ಅದೇ ರಸ್ತೆಯಲ್ಲಿ ಓಡಿಸಿದೆವು: 42. ಅಂದ್ರ ಫಿಲ್ಟರ್ ಹೊಲಸಾಗಿದ್ದು ಖರೆ, ಅಸಲಿ ಕಾರಣ ಅದಲ್ಲ. ಒಂದು ಸಲಕ್ಕೆ ಒಂದೇ ಸಾಮಾನು ಬದಲಿಸಿ ಓಡಿಸಿ ನೋಡಬೇಕು. ನಾಲ್ಕು ಸಾಮಾನು ಒಟ್ಟಿಗೆ ಬದಲಿಸಿದರೆ ಗಾಡಿ ಸರಿ ಆಗಬಹುದು, ಯಾವುದರಿಂದ ಸರಿ ಆಯ್ತು ಅಂತ ತಿಳಿಯಲ್ಲ.

(5/7)
ಗೇರಿಲ್ಲದ ಗಾಡಿಯಲ್ಲೂ ಗೇರ್ ಅದ, ಕಾಣೋದಿಲ್ಲ ಅಷ್ಟೇ. ಎಡಗಡೆ ಕವರಿನ ಒಳಗೆ ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ಹಿಟ್ಟಿನ ಗಿರಣಿಯ ಪಟ್ಟಾ ನೆನಪು ಮಾಡಿಕೊಳ್ರಿ. ವ್ಯತ್ಯಾಸ ಏನಂದ್ರ, ಇಲ್ಲಿ ಒಂದೊಂದು ಪುಲ್ಲಿಯೂ ಎರಡು ತಟ್ಟೆ ಮುಖಾಮುಖಿ ಇಟ್ಟಂಗ ಇರ್ತದ. ಮುಂದಿನ ಪುಲ್ಲಿಯ ಹಿಂದೆ ಸಣ್ಣ ಸಣ್ಣ ರೋಲರ್‌ಗಳು. ಎಂಜಿನ್ ಜೋರಾಗಿ ತಿರುಗಿದಂತೆ ರೋಲರ್‌ಗಳು ಹೊರಗೆ ಸರಿದು ತಟ್ಟೆಯನ್ನು ಒತ್ತುತ್ತವೆ, ತಟ್ಟೆಗಳು ಹತ್ತಿರ ಬರುತ್ತವೆ, ಬೆಲ್ಟ್ ಮುಂದಿನ ಪುಲ್ಲಿಯ ಅಂಚಿನ ಕಡೆ ಏರುತ್ತದೆ. ಹಿಂದಿನ ಪುಲ್ಲಿಯಲ್ಲಿ ಅದೇ ಬೆಲ್ಟ್ ಒಳಗೆ ಇಳಿಯುತ್ತದೆ. ಸೈಕಲ್ಲಿನಲ್ಲಿ ಮುಂದೆ ದೊಡ್ಡ ಚಕ್ರ, ಹಿಂದೆ ಸಣ್ಣ ಚಕ್ರ ಹಾಕಿದಂಗ. ಅದೇ ಟಾಪ್ ಗೇರ್.

1958ರಲ್ಲಿ ನೆದರ್ಲೆಂಡ್ಸಿನ ಡಾಫ್ ಕಂಪನಿ ಇಂಥದೇ ಬೆಲ್ಟನ್ನು ಕಾರಿಗೆ ಹಾಕಿತ್ತು. ನಮ್ಮ ದೇಶದಲ್ಲಿ 1980ರ ದಶಕದ ಕೈನೆಟಿಕ್ ಹೋಂಡಾದಿಂದ ಜನಕ್ಕೆ ಪರಿಚಯ ಆಯ್ತು.

ಆ ಕೈನೆಟಿಕ್ ಹೋಂಡಾದ ಮೇಲೆಯೇ ಕೈ ಪಳಗಿಸಿಕೊಂಡ ಒಬ್ಬ ಹಿರಿಯ ಮೆಕ್ಯಾನಿಕ್ ನಮ್ಮೂರಾಗ ಇದ್ದಾರ. ಎಲ್ಲರಿಗೂ ಚಾಚಾ. ಗಾಡಿ ಕಥೆ ಪೂರಾ ಕೇಳಿದ ಮೇಲೆ ಕವರ್ ಬಿಚ್ಚಿ, ನನ್ನ ಕಿಸೆಯ ಮಾರ್ಕರ್ ಪೆನ್ ಇಸ್ಕೊಂಡು, ಮುಂದಿನ ಪುಲ್ಲಿಯ ಒಳಮುಖದ ಮೇಲೆ ನಡುವಿನಿಂದ ಅಂಚಿನವರೆಗೆ ಒಂದು ಗೆರೆ ಎಳೆದರು. "ಈಗ ಕವರ್ ಹಾಕ್ತೀನಿ. ಹೋಗಿ ಪೂರಾ ಸ್ಪೀಡಿನಾಗ ಓಡಿಸ್ಕೊಂಡ್ ಬಾ ಬೇಟಾ. ಬೆಲ್ಟ್ ಎಲ್ಲೀತನಾ ಏರ್ತದೋ ಅಲ್ಲೀತನಾ ಗೆರಿ ಅಳಸ್ತದ."

(6/7)
ಈ ಫೋಟೋ ಝೂಮ್ ಮಾಡ್ರಿ. ಗೆರೆಯ ಹೊರಗಿನ ಭಾಗ ಇನ್ನೂ ಹಂಗೇ ಅದ. ಬೆಲ್ಟ್ ಅಂಚಿಗೆ ಏರಲೇ ಇಲ್ಲ. ಗಾಡಿಗೆ ಟಾಪ್ ಗೇರ್ ಬೀಳ್ತಾನೇ ಇರಲಿಲ್ಲ, ಮೂರನೇ ಗೇರಿನಾಗ ಬೈಕ್ ಒದರಿಸಿದಂಗ ಎಂಜಿನ್ ಒದರುತ್ತಿತ್ತು.

ಕಾರಣ ಎರಡು. ರೋಲರ್ ದುಂಡಗಿರಬೇಕು; ಇವು ಒಂದು ಬದಿಗೆ ಚಪ್ಪಟೆ ಆಗಿದ್ದವು, ಉರುಳದೆ ಸಿಕ್ಕಿಕೊಳ್ಳುತ್ತಿದ್ದವು. ಬೆಲ್ಟ್ ಸವೆದು ಹೊಸದಕ್ಕಿಂತ ಸುಮಾರು ಒಂದೂವರೆ ಮಿಲಿಮೀಟರ್ ಸಣ್ಣ ಆಗಿತ್ತು. ಬೆಲ್ಟಿನ ಅಗಲ ಕಡಿಮೆ ಆದಷ್ಟೂ ಅದು ತಟ್ಟೆಗಳ ನಡುವೆ ಕೆಳಗೇ ಕೂಡ್ತದ. ಬೆಲ್ಟ್ ತಣ್ಣಗಿರಲಿ ಅಂತ ಕವರಿನ ಒಳಗೆ ಗಾಳಿ ಹೋಗೋ ದಾರಿ ಇರ್ತದ, ಆ ದಾರಿಯಿಂದ ನಮ್ಮ ಧೂಳೂ ಹೋಗ್ತದ.

ಬೆಲ್ಟ್ 520, ರೋಲರ್ ಸೆಟ್ 210, ಮಜೂರಿ 250. ಫಿಲ್ಟರ್ ಸೇರಿ ಒಟ್ಟು 1,170. ಹಗುರ ರೋಲರ್ ಹಾಕಿದರೆ ಪಿಕಪ್ ಬರ್ತದ ಅಂತ ಕೇಳಿದ್ದೆ, ಚಾಚಾ ಒಪ್ಪಲಿಲ್ಲ. ಕಂಪನಿ ಕೊಟ್ಟ ತೂಕದ್ದೇ ಹಾಕಿದರು. ಹಗುರಾದರೆ ಎಂಜಿನ್ ಸುಮ್ನೆ ಹೆಚ್ಚು ತಿರುಗ್ತದ, ಪೆಟ್ರೋಲೂ ಹೆಚ್ಚು ಕುಡೀತದ.

ಅದೇ ರಸ್ತೆ, ಅದೇ ಜಿಪಿಎಸ್, ಹಿಂದೆ ಅದೇ ಗೆಳೆಯ: ಹೋಗುವಾಗ 56, ಬರುವಾಗ 58. ಎಂಜಿನ್ ದನಿಯೂ ಇಳಿದಿತ್ತು.

(7/7)
ಡಿಎಂ ಮಾಡೋರಿಗೆ ಮೊದಲೇ ಹೇಳ್ತೀನಿ: "80 ಹೋಗೋ ಹಂಗ ಮಾಡ್ಲಾಕ ಬರ್ತದೇನು?" ಬರಲ್ಲ. ಗಾಳಿಯ ತಡೆ ವೇಗದ ವರ್ಗದಷ್ಟು ಏರ್ತದ, ಅದನ್ನು ದಾಟಲು ಬೇಕಾದ ಶಕ್ತಿ ಘನದಷ್ಟು. ವೇಗ ಹತ್ತು ಪರ್ಸೆಂಟ್ ಹೆಚ್ಚು ಬೇಕಾದರೆ ಗಾಳಿಗೇ ಮೂವತ್ಮೂರು ಪರ್ಸೆಂಟ್ ಹೆಚ್ಚು ಶಕ್ತಿ ಕೊಡಬೇಕು. ಐದು ಹಾರ್ಸ್‌ಪವರಿನ ಗಾಡಿ ಎಲ್ಲಿಂದ ತರ್ತದ? ಸೈಲೆನ್ಸರ್ ತೂತು ಮಾಡಿದರೆ ಸಪ್ಪಳ ಬರ್ತದ, ದಂಡ ಬರ್ತದ, ವೇಗ ಬರಲ್ಲ.

ಪಿಯುಸಿ ತಮ್ಮಂದಿರು, ತಂಗೇರಿಗೆ ಇನ್ನೊಂದು ಮಾತು. 16 ವರ್ಷಕ್ಕೆ ಲೈಸೆನ್ಸ್ ಸಿಗೋದು 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಮನೆಯಲ್ಲಿರೋ 110 ಸಿಸಿ ಸ್ಕೂಟಿಗೆ ಗೇರಿಲ್ಲದಿದ್ದರೂ 18 ತುಂಬಬೇಕು.

ಅಕ್ಕನಿಗೆ ಬೇಕಿದ್ದದ್ದು ರೇಸ್ ಅಲ್ಲ. ಲಾರಿ ಬಂದಾಗ ಗಾಬರಿ ಆಗದೆ ರಸ್ತೆಯ ಮೇಲೆ ತನ್ನ ಜಾಗದಾಗ ಇರೋಷ್ಟು ವೇಗ. ಅದು ಸಿಕ್ಕಿದೆ. ಈಗ ಮನೆಯಿಂದ ಹತ್ತು ನಿಮಿಷ ತಡವಾಗಿ ಹೊರಡ್ತಾಳ, ರೊಟ್ಟಿ ನಿಂತು ತಿನ್ನದೆ ಕೂತು ತಿಂತಾಳ.

ಸೇವ್ ಮಾಡಿ ಇಟ್ಕೊಳ್ರಿ, ಕ್ರಮ ಇದು: ಜಿಪಿಎಸ್, ಟೈರ್ ಗಾಳಿ, ಬ್ರೇಕ್, ಎಂಜಿನ್ ದನಿ. ದನಿ ಮಂದ ಇದ್ದರೆ ಫಿಲ್ಟರ್, ಪೆಟ್ರೋಲ್, ಪ್ಲಗ್, ಸೈಲೆನ್ಸರ್, ಕಡೆಗೆ ಕಂಪ್ರೆಷನ್. ದನಿ ಜೋರಿದ್ದರೆ ಮಾರ್ಕರ್ ಗೆರೆ, ಬೆಲ್ಟ್, ರೋಲರ್, ಕ್ಲಚ್. ಬೋರ್ ಮಾಡಿಸೋ ಮಾತು ಇವೆಲ್ಲ ಮುಗಿದ ಮೇಲೆ.

ನಿಮ್ಮ ಗಾಡಿ ಎಷ್ಟಕ್ಕೆ ನಿಂತದ, ಎಂಜಿನ್ ಕೂಗ್ತದೋ ಇಲ್ಲೋ, ಎರಡೂ ಕಾಮೆಂಟಿನಾಗ ಬರೀರಿ. ಬರೀ "ಓಡವಲ್ದು" ಅಂದ್ರ ನಾನೂ ಏನೂ ಹೇಳ್ಲಾಕ ಬರಲ್ಲ.

#ಚಂದಾಪುರ #ಚಿಂಚೋಳಿ #ಸ್ಕೂಟಿರಿಪೇರಿ