ಸ್ಟೆಪ್ನಿ ಗುಂಡಿಯ ನೀರು

ಮೈಸೂರಿನ ಮೇ ತಿಂಗಳ ಸಂಜೆ ಮಳೆ ಅರ್ಧ ಗಂಟೆ ಸುರಿದು ಹೋಗುತ್ತೆ. ನಮ್ಮ ಹ್ಯಾಚ್‌ಬ್ಯಾಕ್‌ನ ಸ್ಟೆಪ್ನಿ ಗುಂಡಿಯಲ್ಲಿ ಮಾತ್ರ ಅದು ವಾರಗಟ್ಟಲೆ ಉಳೀತಿತ್ತು. ಅಜ್ಜಿ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗೋದು ಅದೇ ಕಾರಲ್ಲಿ. ಆ ಮುಗ್ಗಲು ವಾಸನೆಗೆ ಅವರಿಗೆ ಹೊಟ್ಟೆ ತೊಳೆಸೋದು. ಗ್ಯಾರೇಜಿನವರು ಡಿಕ್ಕಿಯ ರಬ್ಬರ್ ಬೀಡಿಂಗ್ ಪೂರ್ತಿ ಬದಲಾಯಿಸಿ ಅಂದರು. ಅದಕ್ಕೂ ಮೊದಲು ಒಂದು ಭಾನುವಾರ ಅಣ್ಣ-ತಂಗಿ ನಾವಿಬ್ಬರೇ ಕುವೆಂಪುನಗರದ ಮನೆ ಮುಂದೆ ಹುಡುಕೋಕೆ ಕೂತ್ವಿ.

ನೀರು ನಿಂತ ಜಾಗ ನೀರು ಬಂದ ಜಾಗ ಅಲ್ಲ, ತಲೆನೋವು ಇರೋದೇ ಅಲ್ಲಿ. ತಗಡಿನ ಅಂಚು ಹಿಡಿದು ಹರಿದು, ತಗ್ಗು ಸಿಕ್ಕಲ್ಲಿ ನಿಲ್ಲುತ್ತೆ. ಮ್ಯಾಟ್, ಪ್ಲಾಸ್ಟಿಕ್ ಎಲ್ಲ ಬಿಚ್ಚಿ ಬಿಸಿಲಿಗೆ ಹಾಕಿ, ಒಳಗೆ ಟಾಲ್ಕಂ ಪೌಡರ್ ಉದುರಿಸಿದ್ವಿ. ಹನಿ ಹರಿದರೆ ಗೆರೆ ಬೀಳಬೇಕು. ಒಬ್ಬರು ಟಾರ್ಚ್ ಹಿಡಿದು ಡಿಕ್ಕಿಯೊಳಗೆ, ಒಬ್ಬರು ಪೈಪ್ ಹಿಡಿದು ಹೊರಗೆ. ನೀರು ಬಿಡಬೇಕಾದ್ದು ಕೆಳಗಿನಿಂದ ಮೇಲಕ್ಕೆ. ಮೇಲಿಂದ ಬಿಟ್ಟರೆ ಎಲ್ಲವೂ ಒಟ್ಟಿಗೆ ನೆನೆದು ಕಳ್ಳ ಯಾರು ಅಂತಲೇ ಗೊತ್ತಾಗಲ್ಲ. ಲ್ಯಾಬಲ್ಲಿ ಒಂದು ಸಲಕ್ಕೆ ಒಂದೇ ವೇರಿಯಬಲ್ ಅಂತಾರಲ್ಲ, ಅದೇ.

ಬಂಪರ್ ಹತ್ತಿರ ಏನಿಲ್ಲ. ಬೀಡಿಂಗಿನ ಕೆಳಗಂಚೂ ಸರಿ. ಎಡಗಡೆ ಟೇಲ್ ಲ್ಯಾಂಪಿಗೆ ಬಿಟ್ಟಾಗ ಪೌಡರಿನ ಮೇಲೆ ಸಣ್ಣ ಗೆರೆ! ಬಿಚ್ಚಿದರೆ, ಹಿಂದಿನ ಫೋಮ್ ಗ್ಯಾಸ್ಕೆಟ್ ಚಪ್ಪಟೆಯಾಗಿ ಬಿರುಕು ಬಿಟ್ಟಿತ್ತು. ಹೊಸದು ಹಾಕಿದ್ವಿ.

ಗುರುವಾರ ಜೋರು ಮಳೆ. ಗುಂಡಿಗೆ ಹಾಸಿದ್ದ ಪೇಪರ್ ಬೆಳಿಗ್ಗೆ ಒಣಗೇ ಇತ್ತು. ಅಜ್ಜಿ ಕಿಟಕಿ ಏರಿಸಿಕೊಂಡೇ ಆಸ್ಪತ್ರೆಗೆ ಹೋದ್ರು.