ಚಳಿಗಾಲದ ಹಕ್ಕಿಯ ಖರ್ಚು

ಗಾಳಿ ಮೈನಸ್ 25 ಡಿಗ್ರಿಗೆ ಇಳಿದ ಬೆಳಿಗ್ಗೆ ಸುಪೀರಿಯರ್ ಸರೋವರ ಹೊಗೆಯಾಡುತ್ತದೆ. ನೀರು ಗಾಳಿಗಿಂತ ಎಷ್ಟೋ ಬೆಚ್ಚಗಿರುವುದರಿಂದ ಏಳುವ ಆವಿ ಅದು. ಮಿನ್ನೆಸೋಟಾದ ಡುಲೂತ್ ಊರಿನ ಎದುರು ಹರಡಿಕೊಂಡಿರುವ ಈ ಸರೋವರದ ವಿಸ್ತಾರ ಸುಮಾರು 82,000 ಚದರ ಕಿಲೋಮೀಟರ್. ಕರ್ನಾಟಕದ ಐದರಲ್ಲಿ ಎರಡು ಪಾಲು ನೆಲ ಮುಳುಗಿಸಿದರೂ ಇನ್ನಷ್ಟು ನೀರು ಮಿಕ್ಕೀತು. ಅದು ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ಹಾಗಾಗಿ ಗೋಲ್ಡನ್‌ಐ ಬಾತುಗಳಿಗೆ ಚಳಿಗಾಲದಲ್ಲೂ ಮುಳುಗಿ ಮೇಯಲು ಜಾಗವಿದೆ. ಆವಿಯೊಳಗಿಂದ ಅವು ಹಾರಿಬರುವಾಗ ಕಣ್ಣಿಗೆ ಬೀಳುವ ಮೊದಲೇ ರೆಕ್ಕೆಯ ಸಿಳ್ಳೆ ಕೇಳುತ್ತದೆ. ಕೆಲವು ವರ್ಷ ಆರ್ಕ್ಟಿಕ್‌ನಿಂದ ಇಳಿದ ಹಿಮಗೂಬೆ ಬಂದರಿನ ಮಂಜುಗಡ್ಡೆಯ ಮೇಲೆ ಕೂತಿರುವುದೂ ಉಂಟು.

ಆದರೆ ಉದ್ದನೆ ಲೆನ್ಸ್ ಹೊತ್ತವರೆಲ್ಲ ಕೊನೆಗೆ ಹೊರಡುವುದು ಊರಿನ ವಾಯವ್ಯಕ್ಕಿರುವ ಸ್ಯಾಕ್ಸ್-ಜಿಮ್ ಜೌಗಿಗೆ. ಕಪ್ಪು ಸ್ಪ್ರೂಸ್, ಟ್ಯಾಮರಾಕ್ ಮರಗಳ ಕಾಡು, ನಡುವೆ ಹುಲ್ಲುಗಾವಲು, ದೂರದೂರಕ್ಕೆ ಒಂದೊಂದು ಮನೆ. ಇಲ್ಲಿನ ಚಿಕಡೀ ಹಕ್ಕಿಯನ್ನು ಕಂಡಾಗಲೆಲ್ಲ ನನಗೆ ಗೌರವ ಹುಟ್ಟುತ್ತದೆ. ತೂಕ 12 ಗ್ರಾಂ ಆಸುಪಾಸು. ಶರತ್ಕಾಲದಲ್ಲೇ ತೊಗಟೆಯ ಸಂದುಗಳಲ್ಲಿ ಕಾಳು ಬಚ್ಚಿಟ್ಟು, ಎಲ್ಲಿಟ್ಟೆನೆಂದು ನೆನಪಿಟ್ಟುಕೊಂಡು ತೆಗೆದು ತಿನ್ನುತ್ತದೆ. ಚಳಿ ರಾತ್ರಿಗಳಲ್ಲಿ ಮೈಬಿಸಿಯನ್ನು ಹತ್ತು ಡಿಗ್ರಿಯಷ್ಟು ತಗ್ಗಿಸಿಕೊಂಡು ಉಳಿತಾಯ ಮಾಡುತ್ತದೆ. ಹಗಲು ಕೂಡಿಸಿದ ಕೊಬ್ಬು ಬೆಳಗಾಗುವ ಹೊತ್ತಿಗೆ ಬಹುಪಾಲು ಕರಗಿರುತ್ತದೆ. ಮತ್ತೆ ಮೊದಲಿನಿಂದ ಗಳಿಸಬೇಕು. ಚಳಿಗಾಲದ ಹಕ್ಕಿಗೆ ಒಂದೊಂದು ಹಾರಾಟವೂ ಖರ್ಚು. ಅದನ್ನು ಸುಮ್ಮನೆ ಎಬ್ಬಿಸಿ ಹಾರಿಸಿದವರು ಆ ಖರ್ಚನ್ನು ಅದರ ತಲೆಗೆ ಕಟ್ಟಿದ ಹಾಗೆ.

ಎಲ್ಲರೂ ಹುಡುಕುವುದು ಗ್ರೇಟ್ ಗ್ರೇ ಗೂಬೆಯನ್ನು. ಎರಡಡಿ ಮೀರಿದ ಎತ್ತರ, ಮೊರದಗಲದ ಮುಖ, ನಡುವೆ ಎರಡು ಪುಟ್ಟ ಹಳದಿ ಕಣ್ಣು. ಅಷ್ಟು ದೊಡ್ಡ ಆಕಾರದ ತೂಕ ಮಾತ್ರ ಒಂದು ಕಿಲೋ ಚಿಲ್ಲರೆ, ಮಿಕ್ಕದ್ದೆಲ್ಲ ಗರಿ. ಅದು ಬೇಟೆಯಾಡುವುದು ಕಿವಿಯಿಂದ. ಹಿಮದಡಿಯ ಸುರಂಗಗಳಲ್ಲಿ ಓಡಾಡುವ ವೋಲ್ ಎಂಬ ಗಿಡ್ಡ ಬಾಲದ ಇಲಿಯ ಸದ್ದನ್ನು ಆ ಅಗಲ ಮುಖ ಕೂಡಿಸಿ ಕಿವಿಗೆ ಕಳಿಸುತ್ತದೆ. ಎರಡು ಕಿವಿಗಳೂ ಒಂದೇ ಮಟ್ಟದಲ್ಲಿಲ್ಲ. ಸದ್ದು ಎಷ್ಟು ಕೆಳಗಿನಿಂದ ಬಂತೆಂದು ತಿಳಿಯುವುದು ಆ ಏರುಪೇರಿನಿಂದಲೇ. ಹಿಮವನ್ನು ದಾಟುವಾಗ ಸದ್ದು ಬಾಗುತ್ತದೆ, ಓರೆಯಿಂದ ಕೇಳಿದರೆ ಇಲಿ ಇಲ್ಲದ ಕಡೆ ಇದ್ದಂತೆ ತೋರುತ್ತದೆ. ಗೂಬೆ ನೇರವಾಗಿ ಅದರ ನೆತ್ತಿಯ ಮೇಲೆ ಬಂದು, ಗಾಳಿಯಲ್ಲಿ ನಿಂತು ಆಲಿಸಿ, ಆಮೇಲೆ ಕಾಲು ಮುಂದೆ ಮಾಡಿ ಧುಮುಕುತ್ತದೆ. ಹೀಗೆ ನೆತ್ತಿಯ ಮೇಲೆ ನಿಂತು ಆಲಿಸಲು ಇದೇ ಕಾರಣವೆಂದು ಸಂಶೋಧಕರು 2022ರಲ್ಲಿ ಪ್ರಕಟಿಸಿದರು. ಅದನ್ನು ಓದಿದ ಮೇಲೆ ಗೂಬೆ ಕಂಡ ಕಡೆ ಎಂಜಿನ್ ಆರಿಸದೆ ನಿಲ್ಲಲು ನನ್ನಿಂದ ಆಗುತ್ತಿಲ್ಲ. ಕೇಳಿಸಿಕೊಳ್ಳುವುದೇ ಅದರ ಅನ್ನ.

ಚಿತ್ರ ತೆಗೆಯುವ ಕಷ್ಟಗಳು ಇವೇ: ಹಿಮವನ್ನು ಕ್ಯಾಮೆರಾ ಬೂದು ಮಾಡುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪಿನಷ್ಟಾದರೂ ಏರಿಸಬೇಕು. ಬ್ಯಾಟರಿ ಅಂಗಿಯ ಒಳಜೇಬಿನಲ್ಲಿರಬೇಕು. ಹೀಟರ್ ಹಾಕಿದ ಕಾರಿನ ಕಿಟಕಿಯಿಂದ ತೆಗೆದರೆ ಬಿಸಿಗಾಳಿ ತಣ್ಣನೆಯ ಗಾಳಿಗೆ ಬೆರೆತು ಚಿತ್ರ ಕದಡುತ್ತದೆ. ಎಂಜಿನ್ ಆರಿಸಲು ಇದೂ ಒಂದು ಕಾರಣ.

ಹೋದ ಚಳಿಗಾಲ ಅಕ್ಕನ ಮಗ ಬಂದಿದ್ದ. ದಾರಿಯಲ್ಲಿ ಯಾರೋ ಪೆಟ್ಟಿಗೆಯಿಂದ ಬಿಳಿ ಇಲಿ ತೆಗೆದು ಹಿಮದ ಮೇಲೆ ಬಿಡುತ್ತಿದ್ದರು. ಬೇಲಿಗಂಬದ ಮೇಲೆ ಗೂಬೆ, ಸುತ್ತ ಸಾಲುಸಾಲು ಟ್ರೈಪಾಡ್.

"ಮಾಮ, ನಿಲ್ಲಿಸಿ. ಎದುರಿಗೇ ಹಾರಿಬರೋ ಶಾಟ್ ಸಿಗತ್ತೆ."

"ಬೇಡ ಕಣೋ."

"ಗೂಬೆಗೂ ಊಟ ಸಿಕ್ತಲ್ಲ ಮಾಮ? ಆಗ ಮನೆಗಳ ಹತ್ರ ಹಕ್ಕಿಗಳಿಗೆ ಅಂತ ಕಾಳು ಹಾಕಿದ್ರು, ಕುಕ್ಕಿ ತಿನ್ನಲಿ ಅಂತ ಜಿಂಕೆಯ ಮೂಳೆಗೂಡು ನೇತುಹಾಕಿದ್ರು. ಅದು ಸರಿ, ಇದು ತಪ್ಪಾ?"

ಒಳ್ಳೆಯ ಪ್ರಶ್ನೆ. ಕಾರು ನಿಲ್ಲಿಸದೆಯೇ ಉತ್ತರ ಹೇಳಿದೆ. 2004-05ರ ಚಳಿಗಾಲದಲ್ಲಿ ಉತ್ತರದ ಕಾಡುಗಳಲ್ಲಿ ವೋಲ್‌ಗಳಿಗೆ ಬರ ಬಂದು ಮಿನ್ನೆಸೋಟಾಕ್ಕೆ ಸಾವಿರಾರು ಗ್ರೇಟ್ ಗ್ರೇ ಗೂಬೆಗಳು ಇಳಿದವು. ರಸ್ತೆಬದಿಯ ಹುಲ್ಲಿನಲ್ಲಿ ಇಲಿ ಹುಡುಕಿ ತಗ್ಗಿನಲ್ಲಿ ಹಾರುತ್ತಿದ್ದ ಎಷ್ಟೋ ಗೂಬೆಗಳು ವಾಹನಕ್ಕೆ ಬಡಿದು ಸತ್ತವು. ಕಾಳಿನ ಗೂಡು ರಸ್ತೆಯಿಂದ ಒಳಗೆ, ಒಂದೇ ಜಾಗದಲ್ಲಿ ಇರುತ್ತದೆ, ಗುಂಪು ಬಂದು ತಿಂದು ಹೋಗುತ್ತದೆ. ಇಲಿ ಎಸೆಯುವವರು ಒಂಟಿ ಬೇಟೆಗಾರ ಹಕ್ಕಿಯನ್ನು ಕಾರಿನ ಹತ್ತಿರಕ್ಕೇ ಕರೆಯುತ್ತಾರೆ. "ನಾವು ಫೋಟೋ ತಗೊಂಡು ಮನೆಗೆ ಹೋಗ್ತೀವಿ," ಎಂದೆ, "ಅದು ನಾಳೆ ಕಾರಿನ ಸದ್ದು ಕೇಳಿದ್ರೆ ರಸ್ತೆಗೆ ಇಳಿಯತ್ತೆ."

ಅವನು ಪೂರ್ತಿ ಒಪ್ಪಲಿಲ್ಲ. ಜಿಂಕೆಯ ಮೂಳೆಗೂಡಿನ ವಿಷಯದಲ್ಲಿ ಅವನ ವಾದದಲ್ಲೂ ಹುರುಳಿದೆ ಎಂದು ನನಗೂ ಅನ್ನಿಸಿತು. ಡುಲೂತ್ ತಲುಪುವವರೆಗೆ ಅದನ್ನೇ ಮಾತಾಡಿಕೊಂಡು ಬಂದೆವು.