ಬೀಡಿಯ ಬಿಡುವು

ಕ್ಯೂಬಾದ ಸಿಗಾರ್ ಎಂದರೆ ನಮ್ಮ ಚುಟ್ಟಾದ ಶ್ರೀಮಂತ ನೆಂಟ. ಸುವಾಸನೆಯ ಮರದ ಪೆಟ್ಟಿಗೆಯಲ್ಲಿ, ತೇವ ಆರದಂತೆ ವರ್ಷಗಟ್ಟಲೆ ಇಟ್ಟು, ಯಾರೂ ಇಲ್ಲದ ಹೊತ್ತು ನೋಡಿ ಹಚ್ಚುತ್ತಾರಂತೆ. ಅವಸರ ಕೂಡದು. ಹೊಗೆಯನ್ನು ಎದೆಗೆ ಎಳೆಯದೆ ಬಾಯಲ್ಲೇ ಆಡಿಸಿ ಬಿಡಬೇಕು. ಒಂದು ಮುಗಿಯಲು ಗಂಟೆಯೂ ಬೇಕಾದೀತು. ನಮ್ಮ ಚಾಮರಾಜನಗರದ ಸೀಮೆಯಲ್ಲಿ ಅಷ್ಟು ಬಿಡುವು ಯಾರಿಗಿದೆ? ನಮ್ಮಲ್ಲಿರುವುದು ಬೀಡಿ, ಹಚ್ಚಿ ಮಾತಿಗೆ ನಿಂತರೆ ಆರಿಹೋಗುವ ಬೀಡಿ.

ಆದರೂ ಬೀಡಿಗೂ ಅದರದೇ ಏಕಾಂತವಿದೆ. ಅದನ್ನು ನೋಡಬೇಕಾದರೆ ರಾತ್ರಿ ಗುಂಡ್ಲುಪೇಟೆಗೆ ಹೋಗಬೇಕು. 2009ರಿಂದ ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿಗಳು ಓಡಾಡುವಂತಿಲ್ಲ. ಊಟಿಗೋ ವಯನಾಡಿಗೋ ಹೊರಟು ತಡವಾದ ಲಾರಿಗಳು ಈ ಕಡೆಯೇ ರಾತ್ರಿ ಕಳೆಯಬೇಕು. ಎಂಜಿನ್ ನಿಲ್ಲಿಸಿ, ಟಯರಿಗೆ ಒರಗಿ ಕೂತು, ಡ್ರೈವರ್ ಒಂದು ಬೀಡಿ ಹಚ್ಚುತ್ತಾನೆ. ಆನೆಗಳಿಗಾಗಿ ಮುಚ್ಚಿದ ರಸ್ತೆ ಮನುಷ್ಯನಿಗೂ ಒಂದಿಷ್ಟು ಮೌನ ಕೊಟ್ಟಿದೆ. ಆ ಕತ್ತಲಲ್ಲಿ ಮಿನುಗುವ ಕಿಡಿಯ ನೆಮ್ಮದಿ ಸಿಗಾರಿನವನ ನೆಮ್ಮದಿಗಿಂತ ಕಡಿಮೆಯೆಂದು ನಮಗೆ ಅನ್ನಿಸಿಲ್ಲ.

ಆದರೆ ಆ ಬೀಡಿಯನ್ನು ಸುತ್ತಿದ ಕೈಗೆ ಅಂಥದೊಂದು ಗಳಿಗೆ ಸಿಕ್ಕಿತ್ತೇ?

ನಮ್ಮ ಮೊಹಲ್ಲಾಗಳ ಹೆಂಗಸರ ಮಡಿಲಲ್ಲಿ ಮೊರ, ಮೊರದಲ್ಲಿ ಹೊಗೆಸೊಪ್ಪಿನ ಪುಡಿ, ಪಕ್ಕದಲ್ಲಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಕತ್ತರಿ, ದಾರ. ಒಂದು ಬೀಡಿಗೆ ಹಿಡಿಯುವ ಪುಡಿ ಗ್ರಾಮಿನ ಐದನೇ ಒಂದು ಪಾಲಿನಷ್ಟು. 25ರ ಒಂದು ಕಟ್ಟು, ಅಂಥ 40 ಕಟ್ಟಾದರೆ ಸಾವಿರ. ಕೂಲಿಯ ಲೆಕ್ಕ ಸಾವಿರಕ್ಕೆ. ತಾವು ಒಂದು ದಮ್ಮೂ ಎಳೆಯದ ಇವರು ಹೊಗೆಸೊಪ್ಪಿನ ಧೂಳನ್ನು ದಿನವಿಡೀ ಉಸಿರಾಡುತ್ತಾರೆ.

ಹವಾನಾದ ಸಿಗಾರ್ ಕಾರ್ಖಾನೆಗಳಲ್ಲಿ 1865ರಲ್ಲಿ ಒಂದು ಪದ್ಧತಿ ಶುರುವಾಯಿತು. ಕಾರ್ಮಿಕರು ಸುತ್ತುತ್ತಿದ್ದರೆ ಒಬ್ಬಾತ ಎಲ್ಲರಿಗೂ ಕೇಳುವಂತೆ ಪತ್ರಿಕೆಯನ್ನೋ ಕಾದಂಬರಿಯನ್ನೋ ಓದುವುದು. ಅವನ ಸಂಬಳವನ್ನು ಕಾರ್ಮಿಕರೇ ತಮ್ಮ ಕೂಲಿಯಿಂದ ಕೊಡುತ್ತಿದ್ದರು. ಕೇಳುವ ಕಿವಿಗಳಿಗೆ ಹೆದರಿದ ಸ್ಪೇನಿನ ಆಡಳಿತ ಮರುವರ್ಷವೇ ಅದನ್ನು ನಿಷೇಧಿಸಿತು. ಆದರೂ ಪದ್ಧತಿ ಉಳಿಯಿತು. ಮಾಂಟೆಕ್ರಿಸ್ಟೊ ಎಂಬ ಸಿಗಾರಿಗೆ ಆ ಹೆಸರು ಬಂದದ್ದು, ಕಾರ್ಮಿಕರು ಕೇಳಿ ಮೆಚ್ಚಿದ ಡ್ಯೂಮಾನ ಕಾದಂಬರಿಯಿಂದ ಎನ್ನುತ್ತಾರೆ.

ನಮ್ಮಲ್ಲಿ ಓದುವವರಿರಲಿಲ್ಲ. ಇದ್ದದ್ದು ರೇಡಿಯೋ, ಮತ್ತು ಖಾಲಾಗಳ ದಖ್ನಿ ಕಿಸ್ಸೆಗಳು. ಕತೆಯ ಮೊದಲ ಪಾಠ ನಮಗೆ ಸಿಕ್ಕಿದ್ದು ಉರ್ದು ಶಾಲೆಯಲ್ಲೂ ಅಲ್ಲ, ಕನ್ನಡ ಶಾಲೆಯಲ್ಲೂ ಅಲ್ಲ. ಆ ಮೊರಗಳ ಪಕ್ಕದಲ್ಲಿ. "ಆಮೇಲೇನಾಯ್ತು ಖಾಲಾ?" ಎಂದರೆ, "ಮೊದಲು ಆ ದಾರದ ಸಿಕ್ಕು ಬಿಡಿಸು ಬೇಟಾ, ಶಹಜಾದಿ ಎಲ್ಲಿಗೂ ಹೋಗಲ್ಲ" ಎನ್ನುವರು. ಬೆರಳೂ ನಿಲ್ಲುತ್ತಿರಲಿಲ್ಲ, ಕತೆಯೂ ನಿಲ್ಲುತ್ತಿರಲಿಲ್ಲ.

1966ರಲ್ಲಿ ನಮ್ಮ ಸಂಸತ್ತು ಬೀಡಿಯನ್ನೂ ಸಿಗಾರನ್ನೂ ಒಂದೇ ಕಾಯ್ದೆಯ ಹೆಸರಿನಲ್ಲಿ ಕೂರಿಸಿತು. ಮನೆಯಲ್ಲಿ ಕೂತು ಸುತ್ತುವವಳೂ ಕಾರ್ಮಿಕಳೇ ಎಂದು ಅದು ಒಪ್ಪಿತು. 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು. ಚಿಕಿತ್ಸೆಗೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಅದರಿಂದ ನೆರವಾಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ನಿಧಿಗಾಗಿ ವಸೂಲಾಗುತ್ತಿದ್ದ ಸೆಸ್ ರದ್ದಾಯಿತು. 1966ರ ಕಾಯ್ದೆಯೂ ಈಗ 2020ರ ಕಾರ್ಮಿಕ ಸಂಹಿತೆಯೊಳಗೆ ಕರಗಿದೆ.

ಬೀಡಿ ಬಿಡಿ ಎನ್ನುವುದು ಸರಿಯಾದ ಮಾತೇ; ಅದು ಸೇದುವವನನ್ನು ಕೊಲ್ಲುತ್ತದೆ. ಆದರೆ ಅವನು ಬಿಟ್ಟ ದಿನ ಸುತ್ತುವವಳ ಒಲೆ ಆರದಿರಲು ನಾವೇನು ಏರ್ಪಾಡು ಮಾಡಿದ್ದೇವೆ? ಬೇರೆ ಕಸುಬು, ಸರಿಯಾದ ಕೂಲಿ, ಮೊರ ಕೆಳಗಿಟ್ಟು ಕೂರುವ ಒಂದು ಸಂಜೆ, ಇವು ಅವಳಿಗೂ ಸಲ್ಲಬೇಕಾದದ್ದು. ಕತೆ ಹೇಳುವ ಖಾಲಾಗಳನ್ನು ನಾವು ಬಹಳ ಮಂದಿ ಕಂಡಿದ್ದೇವೆ. ಕೈ ಖಾಲಿಯಿಟ್ಟುಕೊಂಡು ಕತೆ ಹೇಳುವ ಖಾಲಾರನ್ನು ಇನ್ನೂ ಕಂಡಿಲ್ಲ.